ಹಿತ್ತಲಿನ ಮಾತು: ವಾಡಿಯಲ್ಲಿ ಹಲಸು

ಬೇಸಿಗೆಯ ರಜೆಗೆ ಊರಿಗೆ ಹೋಗಿ ಬಂದವರ ಚೀಲದಲ್ಲಿ ನಾಲ್ಕು ಹಲಸಿನ ಬೀಜ ಇದ್ದೇ ಇರುತ್ತವೆ. ಅವು ವಾಡಿಯಲ್ಲಿ ಮರವಾದಾವೇ ಎಂದು ನಮ್ಮ ಸೋದರಿಯರು ಕೇಳುತ್ತಲೇ ಇರುತ್ತಾರೆ. ಆದಾವು. ನಮ್ಮ ಮರಾಠಿ ನೆರೆಯವರು ‘ಫಣಸ’ವೆಂದು ಕರೆದು ಪಲ್ಯ ಮಾಡುವುದು ಇದೇ ಕಾಯಿಯನ್ನು. ಆದರೆ ಮಲೆನಾಡಿನಲ್ಲಿ ಬೀಜ ಎಸೆದು ಮರೆತುಬಿಟ್ಟಂತೆ ಇಲ್ಲಿ ಮರೆಯಲಾಗದು.

ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲಿಗೆ ಎಲ್ಲರೂ ಅಂಜುತ್ತಾರೆ. ನಾವು ಹೆಚ್ಚು ಅಂಜುವುದು ಜುಲೈ ತಿಂಗಳಿಗೆ. ನಾಗಪುರದ ಸುತ್ತಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ. ಮಳೆ ಹಿಡಿದರೆ ಉಬ್ಬಿ ಮುಚ್ಚಿಕೊಂಡು ನೀರನ್ನು ಕೆಳಗಿಳಿಯಗೊಡದು. ಹಲಸಿನ ಬೇರಿಗೆ ನಿಂತ ನೀರು ಸರ್ವಥಾ ಆಗದು. ಬೇರು ಕೊಳೆತು ಬಾಡಿದ ಸಸಿಯನ್ನು ನೋಡಿ, ಪಾಪ, ಬಾಯಾರಿದೆಯೆಂದು ಇನ್ನೊಂದು ಕೊಡ ಹೊಯ್ಯುವವರುಂಟು!

ಆದುದರಿಂದ ಸಸಿಯನ್ನು ದಿಬ್ಬದ ಮೇಲೆ ನೆಡಬೇಕು. ಮೇಲ್ಮಣ್ಣಿಗೆ ಇಲ್ಲಿನವರು ‘ಮುರುಮ’ ಎನ್ನುವ ಗರಸನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ, ಒಂದೂವರೆ ಅಡಿ ಎತ್ತರಕ್ಕೆ, ನಾಲ್ಕೈದು ಅಡಿ ಅಗಲಕ್ಕೆ ಏರಿಸಿರಿ. ಮಳೆನೀರು ಹರಿದುಹೋಗಲು ಪಕ್ಕದಲ್ಲೊಂದು ಕಾಲುವೆ ಇರಲಿ. ಈ ಸೀಮೆಯ ಹೆಸರಾದ ಕಿತ್ತಳೆಯೂ ನಿತ್ಯಹಸುರಿನ ಗಿಡವೇ. ಅದರ ಬೇಸಾಯಗಾರರು ಎರೆಯ ತೋಟಗಳಲ್ಲಿ ಸಾಲುಗಳ ನಡುವೆ ಕಾಲುವೆ ತೋಡುವುದು ಇದೇ ಭಯದಿಂದ. 1985ರಲ್ಲಿ ಆರಂಭವಾದ ನಿಂಬೆಜಾತಿಯ ಹಣ್ಣುಗಳ ಸಂಶೋಧನಾ ಕೇಂದ್ರವೂ ನಮ್ಮ ಅಮರಾವತಿ ರಸ್ತೆಯಲ್ಲಿಯೇ ಇದೆ.

ಬೀಜದ ವಿಷಯ. ಸಾರಿಗೆಂದು ಒಣಗಿಸಿಟ್ಟ ಬೀಜ ಸಾರಿಗೇ ಸರಿ, ಮೊಳೆಯದು. ಹಣ್ಣಿನಿಂದ ತೆಗೆದ ಒಂದೆರಡು ವಾರದೊಳಗೆ ಊರತಕ್ಕದ್ದು. ತಾಯಿಬೇರು ನೆಟ್ಟಗೆ ಇಳಿಯುವುದರಿಂದ, ಮರ ನಿಲ್ಲಬೇಕಾದಲ್ಲಿಯೇ ಊರಿದರೆ ಉತ್ತಮ. ಇಷ್ಟಾಗಿಯೂ ಫಲಕ್ಕೆ ಏಳೆಂಟು ವರುಷ ಕಾಯಬೇಕು; ಅಜ್ಜಿಯ ಮನೆಯ ಮರದ ರುಚಿಯೇ ಬರುವುದೆಂಬ ಭರವಸೆಯೂ ಇಲ್ಲ. ಕಸಿಯ ಗಿಡವಾದರೆ ಮೂರು ನಾಲ್ಕು ವರುಷಕ್ಕೆ ಕಾಯಿ ಬಿಡುತ್ತದೆ, ತಾಯಿಮರದ ಗುಣವನ್ನೂ ಉಳಿಸಿಕೊಳ್ಳುತ್ತದೆ. ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸಿನ ಹಣ್ಣು ಸುಮಾರು ಎರಡೂವರೆ ಕಿಲೋ ಮಾತ್ರ, ತೊಳೆ ತಾಮ್ರಗೆಂಪು. ನಾಲ್ವರ ಸಂಸಾರಕ್ಕೆ ಹೇಳಿ ಮಾಡಿಸಿದ್ದು.

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿರುವವರು, ವರ್ಗವಾದರೆ ಯಾರ ಪಾಲಿಗೆ ಹಣ್ಣು ಎನ್ನುತ್ತಾರೆ. ನ್ಯಾಯವಾದ ಮಾತೇ. ಅಂಥವರು ಸೀಬೆಯ ಕಸಿಗಿಡವಿಡಲಿ. ಎರಡು ಮೂರು ವರುಷದಲ್ಲಿ ಮಕ್ಕಳ ಕೈಗೆ ಹಣ್ಣು ಸಿಕ್ಕೀತು. ಆದರೂ, ನಾವು ಉಪ್ಪಿನಕಾಯಿಗೆ ಮಿಡಿ ಕೊಯ್ಯುವ ಕ್ವಾರ್ಟರ್ಸಿನ ಮಾವನ್ನು ನೆಟ್ಟವರು ಈಗ ಯಾವ ಊರಿನಲ್ಲಿದ್ದಾರೋ!

ಕರಾವಳಿಯ ಅಕ್ಕಂದಿರು ಜೀಗುಜ್ಜೆಯ ಆಸೆಯನ್ನು ಮಾತ್ರ ಬಿಡುವುದೊಳ್ಳೆಯದು. ಇಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಬೇಸಿಗೆಯ ಒಣಗಾಳಿಯೂ ಅದಕ್ಕೆ ಹಿಡಿಸದು.

ಹಲಸಿಗೆ ಮೊದಲ ಎರಡು ಬೇಸಿಗೆ ಪಡುವಣ ದಿಕ್ಕಿಗೆ ಚಾಪೆಯ ಮರೆ ಕಟ್ಟಿ, ಬುಡಕ್ಕೆ ಒಣಹುಲ್ಲು ಹೊದಿಸಿರಿ. ಹುಲ್ಲು ಕಾಂಡಕ್ಕೆ ತಾಗದಿರಲಿ, ಗೆದ್ದಲು ಹತ್ತೀತು. ಮನೆಯ ಗೋಡೆಯಿಂದ ಇಪ್ಪತ್ತೈದು ಅಡಿಯಾದರೂ ದೂರ ಬೇಕು. ಅಷ್ಟು ಹಿತ್ತಲು ಇಲ್ಲದವರಿಗೆ ಹಲಸಿಗಿಂತ ಕರಿಬೇವು ಲೇಸು.