ಗುಜರಿಗೆ ಹಾಕುವ ಮುನ್ನ ಮುಚ್ಚಳ ಬಿಚ್ಚಿಸಿ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಆಯುಕ್ತರಿಗೆ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರುಗಳಿಗೆ ಹೇಗಾದರೂ ವಿಂಡೋಸ್ 11 ತುರುಕುವ ಅವಸರ ಈಗ ಎಲ್ಲೆಡೆ. ಯಂತ್ರ ಏಳದಿದ್ದರೆ ‘ಮದರ್‌ಬೋರ್ಡ್ ಹೋಗಿದೆ ಸಾರ್’ ಎಂಬ ಮಾತು, ಹಿಂದೆಯೇ ವಿಲೇವಾರಿ ಪಟ್ಟಿ. ನೆಗಡಿಗೆ ಮೂಗು ಕೊಯ್ಯುವ ಈ ವೈದ್ಯ ನಿಲ್ಲಬೇಕೆಂದು ಈ ಪತ್ರ.

ನಾನು ಕಂಪ್ಯೂಟರ್ ರಿಪೇರಿಯವನು. ಪರಿಚಯದ ಮೇಷ್ಟ್ರು ಕರೆದರೆಂದು ಒಂದು ಹೈಸ್ಕೂಲಿನ ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ಒಂದು ಕಂಪ್ಯೂಟರ್ ಆನ್ ಮಾಡಿದರೆ ನೀಲಿ ಪರದೆ, ತಾನಾಗಿಯೇ ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ಬಯೋಸ್ ತೆರೆದು ನೋಡಿದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಮೇಲಿನ ಸಿಆರ್2032 ಸೆಲ್ ಸತ್ತಿತ್ತು, ಅಷ್ಟೇ. ಸಂಜೆ ಮೇನ್ ಸ್ವಿಚ್ ಆರಿಸಿದರೆ ಸೆಟ್ಟಿಂಗುಗಳೆಲ್ಲ ಅಳಿಸಿಹೋಗಿ, ಡಿಸ್ಕಿನ ಎಎಚ್‌ಸಿಐ ಮೋಡ್ ಐಡಿಇಗೆ ತಿರುಗುತ್ತಿತ್ತು. ಬೆಳಿಗ್ಗೆ ವಿಂಡೋಸಿಗೆ ತನ್ನ ಡಿಸ್ಕೇ ಕಾಣುತ್ತಿರಲಿಲ್ಲ. ಹೊಸ ಸೆಲ್ ಹಾಕಿ ಮೋಡ್ ಸರಿಮಾಡಿದ ಮೇಲೆ ಎದ್ದಿತು. ಆ ಸೆಲ್ಲು ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

‘ಬೂಟ್ ಡಿವೈಸ್ ಇಲ್ಲ’ ಎಂದು ಬರುವುದೂ ಎಷ್ಟೋ ಸಲ ಇಂಥದ್ದೇ ಕಥೆ. ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯದು, ಬಯೋಸ್ ಮಾತ್ರ ಯುಇಎಫ್‌ಐಗೆ ಹೊಂದಿಸಿರುತ್ತಾರೆ. ಯಾವುದೂ ಕೆಟ್ಟಿರುವುದಿಲ್ಲ.

ಎಲ್ಲವೂ ಹೀಗೆ ಸರಿಹೋಗುತ್ತದೆ ಎಂದರೆ ಸುಳ್ಳಾಗುತ್ತದೆ. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ, ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಈ ತಪಾಸಣೆಯನ್ನು ತಪ್ಪಿಸಿ ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಆದರೆ ಹಳೆಯ ಕೋರ್ 2 ಡ್ಯುಯೋ ಯಂತ್ರದಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಏನು ಮಾಡಿದರೂ ಬೂಟ್ ಆಗದು. ಅದಕ್ಕೆ ಬೇಕಾದ ಪಾಪ್‌ಕೌಂಟ್ ಎಂಬ ಆದೇಶವೇ ಆ ಪ್ರೊಸೆಸರಿನಲ್ಲಿಲ್ಲ. ಅಂಥವಕ್ಕೆ ಹಗುರವಾದ ಲಿನಕ್ಸ್ ಹಾಕಿಸಿ. ಪರದೆ ಕಪ್ಪಾಗಿ ನಿಂತರೆ ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ ಸೇರಿಸಿದರೆ ಎಷ್ಟೋ ಯಂತ್ರ ಏಳುತ್ತವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ನಡೆಸುತ್ತಿವೆ.

ಆದ್ದರಿಂದ ಒಂದು ಸುತ್ತೋಲೆ ಹೊರಡಿಸಿ. ಸೆಲ್, ಬಯೋಸ್ ಸೆಟ್ಟಿಂಗ್, ಡಿಸ್ಕ್, ರ‍್ಯಾಮ್ ಇಷ್ಟನ್ನು ಪರೀಕ್ಷಿಸಿ ಬರೆದುಕೊಟ್ಟ ಹಾಳೆ ಇಲ್ಲದೆ ಯಾವ ಕಂಪ್ಯೂಟರೂ ವಿಲೇವಾರಿ ಪಟ್ಟಿಗೆ ಸೇರದಿರಲಿ. ವಾರಂಟಿ ಮುಗಿದ ಯಂತ್ರದ ಮುಚ್ಚಳ ಬಿಚ್ಚಲು ಲ್ಯಾಬ್ ನೋಡಿಕೊಳ್ಳುವ ಶಿಕ್ಷಕರಿಗೆ ಲಿಖಿತ ಅನುಮತಿ ಕೊಡಿ. ಆಡಿಟ್‌ಗೆ ಹೆದರಿ ಅವರು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರಿಪೇರಿಯವನು