ಡಬ್ಬಿ ತೆರೆಯುವ ಮುನ್ನ ಲೆಕ್ಕ ಹಾಕಿ

ನಮ್ಮ ಹಾಸ್ಟೆಲ್‌ನ ಮೆಟ್ಟಿಲ ಕೆಳಗೆ ಒಂದು ಹಳೆಯ ತೂಕದ ಯಂತ್ರವಿದೆ. ಹಿಂದಿನ ಬ್ಯಾಚ್‌ನವರು ಬಿಟ್ಟುಹೋದದ್ದು. ಕಳೆದ ಫೆಬ್ರುವರಿಯಲ್ಲಿ ಅದರ ಮೇಲೆ ನಿಂತಾಗ ಮುಳ್ಳು 83ಕ್ಕೆ ಬಂದು ನಿಂತಿತು. ಎರಡು ವರ್ಷದ ಮೆಸ್ ಊಟ, ರಾತ್ರಿಯ ಎಗ್ ರೈಸ್, ಪರೀಕ್ಷೆಯ ಹೆಸರಿನಲ್ಲಿ ಕುಳಿತಲ್ಲೇ ಕುಳಿತದ್ದು, ಎಲ್ಲದರ ಮೊತ್ತ ಅದು. ಬೊಜ್ಜು ಕರಗಿಸಬೇಕು, ವರ್ಷದೊಳಗೆ 10 ಕಿ.ಮೀ. ಓಟವೊಂದನ್ನು ನಿಲ್ಲದೆ ಮುಗಿಸಬೇಕು ಎಂದು ಅಂದೇ ನಿಶ್ಚಯಿಸಿದೆ.

ಬೆಳಿಗ್ಗೆ ಓಟ, ಸಂಜೆ ಜಿಮ್, ಎಗ್ ರೈಸ್‌ಗೆ ವಿದಾಯ. ಒಂದು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿಯಿತು. ಆಗ ಜಿಮ್‌ನಲ್ಲಿ ಒಬ್ಬರು, ‘ಬರೀ ಓಡಿದ್ರೆ ಮಸಲ್ ಹೋಗಿಬಿಡುತ್ತೆ ಕಣೋ, ಕ್ರಿಯೇಟಿನ್ ತಗೋ. ಮೊದಲ ವಾರ ದಿನಕ್ಕೆ ನಾಲ್ಕು ಚಮಚ’ ಎಂದರು. ಮನೆಯಿಂದ ಬಂದಿದ್ದ ತಿಂಗಳ ಖರ್ಚಿನಲ್ಲೇ ಡಬ್ಬಿ ಕೊಂಡೆ. ಆರನೇ ದಿನ ತೂಕ ನೋಡಿದರೆ ಹೆಚ್ಚುಕಡಿಮೆ ಎರಡು ಕೆ.ಜಿ. ವಾಪಸ್! ಗಾಬರಿಯಾಯಿತು. ರಾತ್ರಿ ಊಟ ಬಿಟ್ಟೆ, ನೀರನ್ನೂ ಕಡಿಮೆ ಮಾಡಿದೆ. ಮರುದಿನ ನಾಲ್ಕನೇ ಕಿಲೊಮೀಟರ್‌ನಲ್ಲಿ ಕಣ್ಣು ಕತ್ತಲೆ ಬಂದು ರಸ್ತೆ ಬದಿಯ ಕಟ್ಟೆಯ ಮೇಲೆ ಕುಸಿದೆ. ಹಾಲು ಹಾಕಲು ಹೊರಟಿದ್ದ ಹಿರಿಯರೊಬ್ಬರು ನೀರು ಕೊಟ್ಟು, ‘ಏನಪ್ಪಾ, ಹೊಟ್ಟೆಗೇನಾದ್ರೂ ತಿಂದಿದ್ದೀಯಾ?’ ಎಂದು ಕೇಳಿದರು. ಉತ್ತರ ಕೊಡಲು ನಾಚಿಕೆಯಾಯಿತು.

ಎಂಜಿನಿಯರಿಂಗ್ ಓದುವವನು ಯಂತ್ರಕ್ಕೆ ಹಾಕುವ ಎಣ್ಣೆಯ ಬಗ್ಗೆ ಹತ್ತು ಪುಟ ಬರೆಯುತ್ತೇನೆ. ನನ್ನ ದೇಹಕ್ಕೆ ಹಾಕಿಕೊಂಡ ಪುಡಿಯ ಬಗ್ಗೆ ಒಂದು ಸಾಲೂ ಗೊತ್ತಿರಲಿಲ್ಲ. ಅಂದಿನಿಂದ ಓದತೊಡಗಿದೆ.

ಕ್ರಿಯೇಟಿನ್ ಹೊಸ ವಸ್ತುವಲ್ಲ. ಫ್ರಾನ್ಸ್‌ನ ರಸಾಯನ ವಿಜ್ಞಾನಿ ಮಿಷೆಲ್ ಶೆವ್ರೋಲ್ 1832ರಲ್ಲೇ ಮಾಂಸದಿಂದ ಅದನ್ನು ಬೇರ್ಪಡಿಸಿದ್ದರು. ನಮ್ಮ ಮೂತ್ರಪಿಂಡ ಮತ್ತು ಯಕೃತ್ತು ದಿನಕ್ಕೆ ಸುಮಾರು 1 ಗ್ರಾಂ ಕ್ರಿಯೇಟಿನ್ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಇನ್ನಷ್ಟು ಸಿಗುತ್ತದೆ. ಸಸ್ಯಾಹಾರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ದೇಹದಲ್ಲಿರುವ ಕ್ರಿಯೇಟಿನ್‌ನ ಶೇ 95ರಷ್ಟು ಸ್ನಾಯುಗಳಲ್ಲೇ ಇರುತ್ತದೆ.

ಅಲ್ಲಿ ಅದರ ಕೆಲಸವೇನು? ಸ್ನಾಯು ಕೆಲಸ ಮಾಡಲು ಬೇಕಾದ ಇಂಧನದ ಹೆಸರು ಎಟಿಪಿ. ಭಾರ ಎತ್ತುವಾಗ, ಜಿಗಿಯುವಾಗ, 100 ಮೀಟರ್ ಓಡುವಾಗ ಅದು ಕೆಲವೇ ಕ್ಷಣಗಳಲ್ಲಿ ಖರ್ಚಾಗುತ್ತದೆ. ಅದನ್ನು ತಕ್ಷಣ ತುಂಬಿಕೊಡುವುದು ಕ್ರಿಯೇಟಿನ್. ಕರೆಂಟ್ ಹೋದ ಕೂಡಲೇ ಯುಪಿಎಸ್ ಕೈ ಹಿಡಿಯುತ್ತದಲ್ಲ, ಹಾಗೆ. ಆದರೆ ಆ ನೆರವು ಸುಮಾರು ಹತ್ತು ಸೆಕೆಂಡಿನದು. ಯುಪಿಎಸ್ ನಂಬಿ ಇಡೀ ದಿನ ಹಿಟ್ಟಿನ ಗಿರಣಿ ಓಡಿಸಲಾಗದು. ದೂರದ ಓಟಕ್ಕೆ ಬೇಕಾದ ಶಕ್ತಿ ಬರುವುದು ಉಸಿರಿನ ಆಮ್ಲಜನಕದಿಂದ, ದೇಹದಲ್ಲಿ ಕೂಡಿಟ್ಟ ಸಕ್ಕರೆ ಮತ್ತು ಕೊಬ್ಬಿನಿಂದ. ಅದನ್ನು ಬೆಳೆಸುವುದು ತಿಂಗಳುಗಟ್ಟಲೆಯ ಅಭ್ಯಾಸ ಮಾತ್ರ.

ನನ್ನ ತೂಕ ಏರಿದ್ದು ಯಾಕೆಂದೂ ತಿಳಿಯಿತು. ಸ್ನಾಯುವಿನೊಳಗೆ ಹೋದ ಕ್ರಿಯೇಟಿನ್ ತನ್ನ ಜೊತೆ ನೀರನ್ನೂ ಎಳೆದುಕೊಳ್ಳುತ್ತದೆ. ಮೊದಲ ವಾರ ದಿನಕ್ಕೆ 20 ಗ್ರಾಂನಂತೆ ತೆಗೆದುಕೊಂಡರೆ ಒಂದೆರಡು ಕೆ.ಜಿ. ಏರುವುದು ಸಾಮಾನ್ಯ. ಅದು ಕೊಬ್ಬಲ್ಲ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಆರು ದಿನದಲ್ಲಿ ಎರಡು ಕೆ.ಜಿ. ಕೊಬ್ಬು ಬೆಳೆಯಬೇಕಾದರೆ ದಿನವೂ ಎರಡೂವರೆ ಸಾವಿರ ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಬೇಕಿತ್ತು. ನಮ್ಮ ಮೆಸ್‌ನಲ್ಲಿ ಅದು ಸಾಧ್ಯವೇ ಇಲ್ಲ! ಇಷ್ಟು ಸಣ್ಣ ಗುಣಾಕಾರ ಮಾಡಿದ್ದರೆ ನಾನು ಊಟ, ನೀರು ಬಿಟ್ಟು ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ.

ನನ್ನದು ಬರೀ ಒಂದು ಬೆಳಗಿನ ಅವಮಾನ. ದೊಡ್ಡಪ್ಪನ ಮಗ ಅಣ್ಣನದು ಹಾಗಲ್ಲ. ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದ. ಲಿಖಿತ ಪರೀಕ್ಷೆ ದಾಟಿದ್ದ. ದೈಹಿಕ ಪರೀಕ್ಷೆಯಲ್ಲಿ 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಆರು ತಿಂಗಳು ಊರ ಕೆರೆ ಏರಿಯ ಮೇಲೆ ಓಡಿ 6 ನಿಮಿಷ 20 ಸೆಕೆಂಡಿಗೆ ತಂದುಕೊಂಡಿದ್ದ. ಪರೀಕ್ಷೆಗೆ ಹತ್ತು ದಿನವಿದ್ದಾಗ ಯಾರೋ ಇದೇ ಪುಡಿ ಹಿಡಿಸಿದರು. ಮೈದಾನದಲ್ಲಿ ನಾಲ್ಕು ಸೆಕೆಂಡಿನಲ್ಲಿ ಕೆಲಸ ಕೈತಪ್ಪಿತು.

ಪುಡಿಯಿಂದಲೇ ಸೋತ ಎಂದು ನಾನು ಹೇಳಲಾರೆ. ಬಿಸಿಲಿತ್ತು, ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಎದೆ ಡವಗುಟ್ಟುತ್ತಿತ್ತು. ಆದರೂ ಒಂದು ಒರಟು ಲೆಕ್ಕ ಹಾಕಿ. ಅವನ ತೂಕ 70 ಕೆ.ಜಿ. ಹತ್ತು ದಿನದಲ್ಲಿ ಏರಿದ್ದು 2 ಕೆ.ಜಿ. ಅಂದರೆ ಹತ್ತಿರಹತ್ತಿರ ಶೇ 3. ಓಟಕ್ಕೆ ಬೇಕಾದ ಶಕ್ತಿ ತೂಕಕ್ಕೆ ತಕ್ಕಂತೆ ಏರುತ್ತದೆ. 380 ಸೆಕೆಂಡಿಗೆ ಶೇ 3 ಸೇರಿಸಿದರೆ 391. ಅಂದರೆ 6 ನಿಮಿಷ 31 ಸೆಕೆಂಡ್. ಆರು ತಿಂಗಳು ಒಂದು ದೇಹವನ್ನು ಪಳಗಿಸಿ, ಪರೀಕ್ಷೆಯ ದಿನ ಬೇರೊಂದು ದೇಹವನ್ನು ಮೈದಾನಕ್ಕೆ ಒಯ್ದಂತಾಯಿತು. ಆ ದಿನ ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಜಗಲಿಯಲ್ಲಿ ಕುಳಿತಿದ್ದ. ದೊಡ್ಡಮ್ಮ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಹಾಗಾದರೆ ಕ್ರಿಯೇಟಿನ್ ವಿಷವೇ? ಖಂಡಿತ ಅಲ್ಲ. ಹಾಸ್ಟೆಲ್‌ಗಳಲ್ಲಿ ಹರಡಿರುವ ‘ಕಿಡ್ನಿ ಹೋಗುತ್ತೆ’ ಎಂಬ ಮಾತೂ ಅರ್ಧ ತಿಳಿವಳಿಕೆಯದು. ಆರೋಗ್ಯವಂತರು ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಹಾನಿಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) ನಿಷೇಧಿತ ಪಟ್ಟಿಯಲ್ಲೂ ಅದಿಲ್ಲ. ಆದರೆ ಕ್ರಿಯೇಟಿನ್ ದೇಹದಲ್ಲಿ ಕ್ರಿಯೇಟಿನಿನ್ ಆಗಿ ಹೊರಹೋಗುವುದರಿಂದ ರಕ್ತ ಪರೀಕ್ಷೆಯಲ್ಲಿ ಆ ಅಂಕಿ ತುಸು ಹೆಚ್ಚು ತೋರಿಸಬಹುದು. ಪುಡಿ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕಿಡ್ನಿ ಸಮಸ್ಯೆ ಇರುವವರು, ಮನೆಯಲ್ಲಿ ಯಾರಿಗಾದರೂ ಇರುವವರು, ಬೇರೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಉಪಯೋಗವೂ ಇದೆ. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಆ ಹೊತ್ತಿನಲ್ಲಿ ಭಾರ ಎತ್ತುವ ವ್ಯಾಯಾಮವನ್ನು ಬಿಡದೆ ಮಾಡುವವರಿಗೆ ಶಕ್ತಿ ಉಳಿಸಿಕೊಳ್ಳಲು ಕ್ರಿಯೇಟಿನ್ ನೆರವಾಗಬಲ್ಲದು. ಕಬಡ್ಡಿ, ಫುಟ್‌ಬಾಲ್‌ನಂತೆ ಮತ್ತೆ ಮತ್ತೆ ನುಗ್ಗಬೇಕಾದ ಆಟಗಳಲ್ಲಿ ಪ್ರಯೋಜನ ಹೆಚ್ಚು. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಕಡಿಮೆ ಇರುವುದರಿಂದ ಅವರಿಗೆ ಪರಿಣಾಮ ಹೆಚ್ಚು ಕಾಣಬಹುದು. ಆದರೆ ಅದು ಕೊಬ್ಬನ್ನು ತಾನಾಗಿ ಕರಗಿಸುವುದಿಲ್ಲ, ಉಸಿರಿನ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ಒಂದೇ ವೇಗದಲ್ಲಿ ದೂರ ಓಡುವವರಿಗೆ ಏರಿದ ತೂಕವೇ ಹೊರೆಯಾಗಬಹುದು.

ನಿಜವಾದ ಅಪಾಯ ಇರುವುದು ನಮ್ಮ ಅವಸರದಲ್ಲಿ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸ್ಪರ್ಧೆಗಾಗಿ ತೂಕ ಇಳಿಸುವಾಗ ತೀರಿಕೊಂಡರು. ಮೊದಲು ಅನುಮಾನ ಬಂದದ್ದು ಕ್ರಿಯೇಟಿನ್ ಮೇಲೆ. ತನಿಖೆಯಲ್ಲಿ ಕಂಡದ್ದು ಬೇರೆ. ಊಟ, ನೀರು ಬಿಟ್ಟು, ಬೆವರು ಆರದ ಬಟ್ಟೆ ತೊಟ್ಟು, ಬಿಸಿಯಲ್ಲಿ ವ್ಯಾಯಾಮ ಮಾಡಿ ಅವರು ದೇಹವನ್ನು ಒಣಗಿಸಿಕೊಂಡಿದ್ದರು. ಅದನ್ನು ಓದುವಾಗ ನನಗೆ ಆ ಕಟ್ಟೆ ನೆನಪಾಗಿ ಮೈ ನಡುಗಿತು. ನಾನೂ ಮಾಡಿದ್ದು ಅದನ್ನೇ ಅಲ್ಲವೇ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ?

ಆದ್ದರಿಂದ ಗೆಳೆಯರೇ, ಓಟದ ಪರೀಕ್ಷೆ ಒಂದು ತಿಂಗಳೊಳಗೆ ಇದ್ದರೆ ಹೊಸ ಪುಡಿ ಶುರು ಮಾಡಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದು ಏರಿದ ತೂಕ ಇಳಿಯಬೇಕೆಂದರೆ, ನಿಲ್ಲಿಸಿದ ಮೇಲೂ ಸ್ನಾಯು ಮೊದಲಿನ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ ಎಂಬುದು ತಿಳಿದಿರಲಿ. ಸಮಯವಿದ್ದು ತೆಗೆದುಕೊಳ್ಳಲೇಬೇಕು ಎನ್ನುವವರಿಗೆ ‘ಲೋಡಿಂಗ್’ ಬೇಕಿಲ್ಲ. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡರೂ ಸ್ನಾಯು ಅಷ್ಟೇ ತುಂಬುತ್ತದೆ. ಅಗ್ಗದ ಮೊನೊಹೈಡ್ರೇಟ್ ಸಾಕು, ದುಬಾರಿ ಹೆಸರುಗಳ ಹಿಂದೆ ಹೋಗಬೇಡಿ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಬಿಡಿಯಾಗಿ ಕವರ್‌ನಲ್ಲಿ ಕಟ್ಟಿಕೊಡುವ ಪುಡಿ ಯಾರೇ ಕೊಟ್ಟರೂ ಬೇಡ. ತೂಕದ ಮುಳ್ಳಿನ ಜೊತೆಗೆ ವಾರಕ್ಕೊಮ್ಮೆ ಟೇಪು ಹಿಡಿದು ಸೊಂಟ ಅಳೆಯಿರಿ. ನೀರು ಎಷ್ಟು ಏರಿದೆ, ಕೊಬ್ಬು ಎಷ್ಟು ಇಳಿದಿದೆ ಎಂಬ ಅಂದಾಜು ಆಗ ಸಿಗುತ್ತದೆ.

ಜಿಮ್‌ಗಳಿಗೂ ಒಂದು ಮಾತು. ನಿಮ್ಮ ಬಳಿ ಬರುವ ಎಲ್ಲ ಹುಡುಗರೂ ಬೈಸೆಪ್ಸ್‌ಗಾಗಿ ಬರುವುದಿಲ್ಲ. ಎಷ್ಟೋ ಮಂದಿಗೆ ಮುಂದಿನ ತಿಂಗಳ ಓಟದ ಮೇಲೆ ಮನೆಯ ಸಾಲ ನಿಂತಿರುತ್ತದೆ. ಡಬ್ಬಿ ಕೊಡುವ ಮುನ್ನ ‘ಯಾವ ಪರೀಕ್ಷೆಗೆ, ಯಾವತ್ತು?’ ಎಂದು ಕೇಳಿ. ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರೂ ವರ್ಷಕ್ಕೊಂದು ಗಂಟೆ ಈ ವಿಷಯಕ್ಕೆ ಕೊಟ್ಟರೆ ನಾವು ಕಂಡಕಂಡವರ ಮಾತು ಕೇಳುವುದು ತಪ್ಪುತ್ತದೆ.

ನಾನೀಗ 77ರಲ್ಲಿದ್ದೇನೆ. ಹುರುಳಿಕಾಳು, ಮೊಟ್ಟೆ, ಮೊಸರು, ಏಳು ಗಂಟೆ ನಿದ್ದೆ, ವಾರಕ್ಕೆ ನಾಲ್ಕು ದಿನ ಓಟ, ಎರಡು ದಿನ ಭಾರ. ಡಬ್ಬಿ ಅರ್ಧ ತುಂಬಿದ ಹಾಗೆಯೇ ಕಪಾಟಿನಲ್ಲಿದೆ. 10 ಕಿ.ಮೀ. ಮುಗಿದ ಮೇಲೆ, ಬೇಕೆನಿಸಿದರೆ, ಅಳತೆ ಚಮಚ ಹಿಡಿದು ತೆರೆಯುತ್ತೇನೆ. ಅಣ್ಣ ಮುಂದಿನ ಅಧಿಸೂಚನೆಗೆ ಕಾಯುತ್ತಾ ಮತ್ತೆ ಕೆರೆ ಏರಿಯ ಮೇಲೆ ಓಡುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, ‘6.14 ಬಂತು ಕಣೋ, ಬರೀ ಮುದ್ದೆ ಸಾರಲ್ಲಿ’ ಎಂದ. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದೆ.