ಹಳೆಯ ಪೈಥಾನ್, ಹೊಸ ಸ್ಕ್ರಿಪ್ಟ್

ಕುಮಟಾ-ಶಿರಸಿ ರಸ್ತೆಯ ಕತಗಾಲದಲ್ಲಿ ಒಂದು ಮನೆ, ಅಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇದೆ ಎಂದುಕೊಳ್ಳಿ. ಅದರಲ್ಲಿರುವುದು ಉಬುಂಟು 16.04. ಬೆಂಗಳೂರಿನಲ್ಲಿರುವ ಮಗ ಅಡಿಕೆ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದು ಕಳಿಸುತ್ತಾನೆ. ಅವನ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿದ್ದು ಮನೆಯಲ್ಲಿ ‘ಸಿಂಟ್ಯಾಕ್ಸ್ ಎರರ್’ ಎಂದು ನಿಲ್ಲುತ್ತದೆ. ವಾಕ್ಯರಚನೆ ತಪ್ಪು ಎಂಬ ದೂರು ಅದು. ತೋರಿಸಿದ ಸಾಲನ್ನು ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ. ಅಲ್ಲಿ ತಪ್ಪೇ ಇಲ್ಲವಲ್ಲ!

ಉಬುಂಟು 16.04 ಬಂದದ್ದು 2016ರ ಏಪ್ರಿಲ್‌ನಲ್ಲಿ, ಪೈಥಾನ್ 3.5ರ ಜೊತೆಗೆ. ಪಠ್ಯದ ನಡುವೆಯೇ ಮೌಲ್ಯ ಸೇರಿಸುವ ‘ಎಫ್-ಸ್ಟ್ರಿಂಗ್’ ಬಂದದ್ದು ಅದೇ ಡಿಸೆಂಬರ್‌ನ 3.6ರಲ್ಲಿ. ತನ್ನ ನಂತರ ಹುಟ್ಟಿದ ಬರವಣಿಗೆ ಹಳೆಯ ಪೈಥಾನ್‌ಗೆ ಗೊತ್ತಿರುವುದಾದರೂ ಹೇಗೆ? ‘ಇದು ಹೊಸತು’ ಎನ್ನಲು ಬಾರದೆ ‘ಇದು ತಪ್ಪು’ ಎನ್ನುತ್ತದೆ. 2021ರ 3.10ರಲ್ಲಿ ಬಂದ ‘ಮ್ಯಾಚ್’ ಎಂಬ ವಾಕ್ಯರಚನೆಗೂ ಇದೇ ಗತಿ.

ಜಾಣರು ಸ್ಕ್ರಿಪ್ಟಿನ ಮೊದಲಲ್ಲೇ ಆವೃತ್ತಿ ಪರೀಕ್ಷಿಸುವ ಸಾಲು ಹಾಕುತ್ತಾರೆ. ಪ್ರಯೋಜನವಿಲ್ಲ. ಪೈಥಾನ್ ಮೊದಲು ಇಡೀ ಕಡತವನ್ನು ಓದಿ, ರಚನೆ ಸರಿಯಿದ್ದರೆ ಮಾತ್ರ ಮೊದಲ ಸಾಲನ್ನು ನಡೆಸುತ್ತದೆ. ತೊಂಬತ್ತನೇ ಸಾಲಿನಲ್ಲಿ ಎಫ್-ಸ್ಟ್ರಿಂಗ್ ಇದ್ದರೆ ಒಂದನೇ ಸಾಲಿನ ಪರೀಕ್ಷೆಗೆ ಸರದಿಯೇ ಬರುವುದಿಲ್ಲ. ಪರೀಕ್ಷೆ ಬೇರೆ ಕಡತದಲ್ಲಿರಬೇಕು. ಅದು ಮುಗಿದ ಮೇಲೆ ಮುಖ್ಯ ಕಡತವನ್ನು ಕರೆಯಬೇಕು.

ಎರರ್ ಕೊಟ್ಟು ನಿಲ್ಲುವ ಸ್ಕ್ರಿಪ್ಟ್ ವಾಸಿ. ಸುಮ್ಮನೆ ಓಡಿ ತಪ್ಪು ಉತ್ತರ ಕೊಡುವುದಕ್ಕೆ ಹೆದರಬೇಕು. ಆ ಕಾಲದ ಲಿನಕ್ಸ್‌ಗಳಲ್ಲಿ ಬರೀ ‘ಪೈಥಾನ್’ ಎಂದು ಕೊಟ್ಟರೆ ಸಾಮಾನ್ಯವಾಗಿ ಎದ್ದು ಬರುತ್ತಿದ್ದುದು 2.7. ಏಳು ಚೀಲ ಅಡಿಕೆಯನ್ನು ಇಬ್ಬರಿಗೆ ಹಂಚು ಎಂದರೆ ಅದು ತಲಾ 3 ಎನ್ನುತ್ತದೆ. ಪೂರ್ಣಾಂಕಗಳ ಭಾಗಾಕಾರದಲ್ಲಿ ಉಳಿದದ್ದನ್ನು ಕೈಬಿಡುವುದು ಅದರ ರೂಢಿ. ಪೈಥಾನ್ 3 ಆದರೆ 3.5 ಎನ್ನುತ್ತದೆ. ಕನ್ನಡದ ಪಾಡು ಇನ್ನೂ ಕಷ್ಟ. ‘ಕತಗಾಲ’ದ ಉದ್ದ ಕೇಳಿದರೆ ಪೈಥಾನ್ 3 ಹೇಳುವುದು 5, ‘ಗಾ’ದ ದೀರ್ಘಚಿಹ್ನೆಯೂ ಅದಕ್ಕೆ ಒಂದು ಲೆಕ್ಕ. ಪೈಥಾನ್ 2 ಅದನ್ನೇ 15 ಎನ್ನುತ್ತದೆ, ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಲ್ಲ. ಊರಿನ ಹೆಸರನ್ನು ಐದಕ್ಕೆ ಕತ್ತರಿಸು ಎಂದರೆ ‘ತ’ ನಡುವೆಯೇ ತುಂಡಾಗುತ್ತದೆ. 3.5ರಲ್ಲೂ ಒಂದು ಕಾಟವಿದೆ: ಹೆಸರು-ಮೌಲ್ಯ ಜೋಡಿಗಳನ್ನಿಡುವ ‘ಡಿಕ್ಷನರಿ’ಯಲ್ಲಿ ತುಂಬಿದ ಕ್ರಮವನ್ನು ಅದು ಕಾಪಾಡುವುದಿಲ್ಲ. ಆ ಭರವಸೆ ಸಿಕ್ಕಿದ್ದು 3.7ರಿಂದ.

ಹಾಗಾಗಿ ಸ್ಕ್ರಿಪ್ಟ್ ಕೆಡವಿ ನೋಡುವ ಮೊದಲು ಎರಡೂ ಕಡೆಯ ಆವೃತ್ತಿ ಕೇಳಿ. ವ್ಯತ್ಯಾಸವಿದ್ದರೆ ಹೊಸದನ್ನು ಹಳೆಯದರ ಪಕ್ಕದಲ್ಲಿ ಹಾಕಿಕೊಳ್ಳಿ. ಉಬುಂಟುವಿನ ಮೂಲ ಪೈಥಾನ್ ಕಿತ್ತರೆ ವ್ಯವಸ್ಥೆಯೇ ಕುಂಟುತ್ತದೆ. ವಿಂಡೋಸ್ 7 ಇದ್ದವರಿಗೆ 3.8ರ ಮುಂದಕ್ಕೆ ದಾರಿಯಿಲ್ಲ. ಹೊಸದನ್ನು ಹಾಕಿಕೊಳ್ಳಲು ಆಗದಿದ್ದರೆ ಮಗನೇ ಎಫ್-ಸ್ಟ್ರಿಂಗ್ ಬಿಟ್ಟು ಹಳೆಯ ‘ಫಾರ್ಮ್ಯಾಟ್’ ಬಳಸಲಿ, ಅದು ಎರಡೂ ಕಡೆ ನಡೆಯುತ್ತದೆ.

ಕಳಿಸುವವರಿಗೆ ಒಂದು ವಿನಂತಿ: ಯಾವ ಆವೃತ್ತಿ ಬೇಕೆಂದು ಕಡತದ ತಲೆಯಲ್ಲೇ ಕಾಮೆಂಟ್ ಬರೆದಿಡಿ, ಪೈಥಾನ್ ಓದದಿದ್ದರೂ ಮನೆಯವರು ಓದುತ್ತಾರೆ. ಆ ಒಂದು ಸಾಲು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಎನ್‌ಕೋಡಿಂಗ್ ತಿಳಿಸದೆ ಕನ್ನಡದಲ್ಲಿ ಬರೆದರೆ ಪೈಥಾನ್ 2 ಕಾಮೆಂಟಿಗೂ ತಕರಾರು ತೆಗೆಯುತ್ತದೆ.